ಊರಲ್ಲಿ ವಯಸ್ಸಾದ ಅಪ್ಪ-ಅಮ್ಮ ಇಬ್ಬರೇ ಇದ್ದಾರೆ, ಸಹಾಯಕ್ಕೆ ಯಾರನ್ನು ಕೇಳಬೇಕು?

ಪ್ರಶ್ನೆ: ಅಪ್ಪನಿಗೆ 72, ಅಮ್ಮನಿಗೆ 67. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆ ಹಳ್ಳಿಯಲ್ಲಿ ಇಬ್ಬರೇ ಇದ್ದಾರೆ. ನಾನಿರುವುದು ಬೆಂಗಳೂರಿನಲ್ಲಿ. ಅಮ್ಮನ ಪಿಂಚಣಿ ಕೆಲವು ತಿಂಗಳಿಂದ ಬರುತ್ತಿಲ್ಲ. ಇಂಥದ್ದಕ್ಕೆಲ್ಲ ಎಲ್ಲಿ ಕೇಳಬೇಕು?

ಉತ್ತರ: ಮೊದಲು 14567ಕ್ಕೆ ಫೋನ್ ಮಾಡಿ. 60 ದಾಟಿದವರಿಗೆಂದೇ ಇರುವ ಎಲ್ಡರ್‌ಲೈನ್ ಇದು. ಕರೆಗೆ ದುಡ್ಡಿಲ್ಲ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತಾರೆ. ಪಿಂಚಣಿ, ಕಾನೂನು, ವೃದ್ಧಾಶ್ರಮ, ಮನೆಯವರ ಕಿರುಕುಳ, ಯಾವುದೇ ಇರಲಿ, ಎಲ್ಲಿಗೆ ಹೋಗಬೇಕು ಅಂತ ದಾರಿ ಹೇಳುತ್ತಾರೆ. ನೀವು ಬೆಂಗಳೂರಿನಿಂದಲೇ ಅವರ ಪರವಾಗಿ ಕೇಳಬಹುದು. ಆದರೆ ಈ ನಂಬರನ್ನು ಅಪ್ಪನ ಫೋನಿಗೂ ಹಾಕಿಕೊಡಿ, ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೂ ಅಂಟಿಸಿ. ಮಕ್ಕಳ ಹತ್ತಿರ ಹೇಳಿಕೊಳ್ಳಲಾಗದ ಕಷ್ಟವೂ ಹಿರಿಯರಿಗೆ ಇರುತ್ತದೆ ಅಲ್ವಾ?

ಇನ್ನು ಪಿಂಚಣಿ. ಅಮ್ಮನದು 65 ದಾಟಿದವರಿಗೆ ತಿಂಗಳಿಗೆ 1200 ರೂಪಾಯಿ ಬರುವ ಸಂಧ್ಯಾ ಸುರಕ್ಷಾ ಇರಬೇಕು. ನಿಂತೇ ಹೋಯಿತು ಅಂದುಕೊಳ್ಳುವ ಮುಂಚೆ ಅವರ ಬೇರೆ ಪಾಸ್‌ಬುಕ್‌ಗಳನ್ನೂ ಎಂಟ್ರಿ ಮಾಡಿಸಿ ನೋಡಿ. ಆಧಾರ್ ಮೂಲಕ ಬರುವ ದುಡ್ಡು, ಆಧಾರ್‌ಗೆ ಕೊನೆಯಲ್ಲಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಗೃಹಲಕ್ಷ್ಮಿಗೆ ಅಂತ ಹೊಸ ಖಾತೆ ಮಾಡಿಸಿ ಅದಕ್ಕೆ ಆಧಾರ್ ಜೋಡಿಸಿದ್ದರೆ ಪಿಂಚಣಿಯೂ ಅಲ್ಲಿಗೇ ಬೀಳುತ್ತಿರಬಹುದು, ಪಾಪ ಅಮ್ಮ ಹಳೇ ಬ್ಯಾಂಕಿಗೇ ಹೋಗಿ ಬರಿಗೈಲಿ ವಾಪಸ್ ಬರುತ್ತಿರಬಹುದು. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಖಾತೆಗೆ ಎಷ್ಟು ಹೋಗಿದೆ ಅಂತ ಗೊತ್ತಾಗುತ್ತದೆ. ಅಲ್ಲೂ ಏನೂ ಇಲ್ಲವೆಂದರೆ ಹೋಬಳಿಯ ನಾಡಕಚೇರಿಗೆ ಆಧಾರ್, ಪಾಸ್‌ಬುಕ್, ಪಿಂಚಣಿ ಆದೇಶದ ಪ್ರತಿ ತೆಗೆದುಕೊಂಡು ಹೋಗಿ, ಗ್ರಾಮ ಆಡಳಿತ ಅಧಿಕಾರಿಯನ್ನೂ ಕಾಣಿ. ಸಾಧ್ಯವಾದರೆ ನೀವೇ ರಜಾ ಹಾಕಿ ಹೋಗಿ, ಅಮ್ಮನನ್ನು ಸುಮ್ನೆ ಅಲೆದಾಡಿಸಬೇಡಿ. ಮಾಡಿಸಿಕೊಡುತ್ತೇನೆ ಅಂತ ದುಡ್ಡು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬ್ಯಾಂಕು ದೂರವಿದ್ದರೆ ಪೋಸ್ಟ್‌ಮ್ಯಾನ್‌ನ ಕೇಳಿ. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಮೂಲಕ, ಬೆರಳಚ್ಚು ತೆಗೆದುಕೊಂಡು ಮನೆಬಾಗಿಲಲ್ಲೇ ದುಡ್ಡು ಕೊಡುವ ವ್ಯವಸ್ಥೆ ಇದೆ.

ಅಪ್ಪನಿಗೆ ಪಿಂಚಣಿ ಇಲ್ಲದಿದ್ದರೆ ಅದನ್ನೂ ನಾಡಕಚೇರಿಯಲ್ಲೇ ವಿಚಾರಿಸಿ, ಆದಾಯದ ಮಿತಿ ಇರುತ್ತದೆ. ಹಿರಿಯ ನಾಗರಿಕರ ಕಾರ್ಡಿಗೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು. ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ ಅಪ್ಪನಿಗೆ ಟಿಕೆಟ್ ಮೇಲೆ ಶೇಕಡಾ 25 ರಿಯಾಯಿತಿ ಇದೆ, ವಯಸ್ಸಿನ ದಾಖಲೆ ಜೇಬಿನಲ್ಲಿರಲಿ. ಇಬ್ಬರೇ ಇರುವ ಮನೆಯಲ್ಲಿ ಬೇಜಾರು, ನಿದ್ದೆ ಬಾರದಿರುವುದು ಜಾಸ್ತಿಯಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಅಪ್ಪ ಜಮೀನನ್ನು ಮಕ್ಕಳಿಗೆ ದಾನಪತ್ರ ಮಾಡುವ ಯೋಚನೆಯಲ್ಲಿದ್ದರೆ, ತಮ್ಮನ್ನು ಕೊನೆವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಲಿ. ನೀವು ಒಳ್ಳೆಯ ಮಗನೋ ಮಗಳೋ ಆಗಿದ್ದರೂ ಬರೆಸಲಿ. ಆ ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಪತ್ರವನ್ನು ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗೆ, ಅಂದರೆ ನಮ್ಮ ಕಡೆ ಎ.ಸಿ. ಸಾಹೇಬರು ಅನ್ನುತ್ತೇವಲ್ಲ, ಅವರಿಗೆ. ಮಕ್ಕಳು ನೋಡಿಕೊಳ್ಳದಿದ್ದಾಗ ಜೀವನಾಂಶ ಕೇಳುವುದೂ ಅಲ್ಲೇ. ವಕೀಲರಿಲ್ಲದೆ ತಾವೇ ಹೋಗಿ ಹೇಳಿಕೊಳ್ಳಬಹುದು. ಶಿರಾ ತಾಲ್ಲೂಕಿನವರಿಗೆ ಆ ಕಚೇರಿ ಇರುವುದು ಮಧುಗಿರಿಯಲ್ಲಿ.