ಪೈಪಿನಲ್ಲಿ ಗೈಡೆಡ್ ವೇವ್: ಮೆಶ್‌ಗೆ ಮುಂಚಿನ ಲೆಕ್ಕ

ಗೈಡೆಡ್ ವೇವ್ ಮಾಡೆಲಿಂಗ್ ಅಂದ ತಕ್ಷಣ ಸಾಫ್ಟ್‌ವೇರ್ ತೆರೆದು ಮೆಶ್ ಹಾಕಲು, ಅಂದರೆ ಲೆಕ್ಕಕ್ಕಾಗಿ ಪೈಪನ್ನು ಚಿಕ್ಕ ಚಿಕ್ಕ ತುಂಡುಗಳಾಗಿ (ಎಲಿಮೆಂಟ್) ಒಡೆಯಲು, ಕೂರಬೇಡಿ. ಕಾಗದದ ಮೇಲೆ ನಾಲ್ಕು ಲೆಕ್ಕ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಒಂದು ಉಕ್ಕಿನ ಪೈಪ್ ತಗೊಳ್ಳೋಣ. ಹೊರವ್ಯಾಸ 219 ಮಿ.ಮೀ., ಗೋಡೆ 8 ಮಿ.ಮೀ. ದಪ್ಪ, ಉದ್ದ 3 ಮೀಟರ್. ಎಲ್ಲಾದರೂ ತುಕ್ಕು ತಿಂದಿದೆಯಾ ಅಂತ ನೋಡಬೇಕು. ಸಾಮಾನ್ಯ ಅಲ್ಟ್ರಾಸಾನಿಕ್ ಅಳತೆಯಲ್ಲಿ ಪ್ರೋಬ್ ಇಟ್ಟ ಜಾಗ ಮಾತ್ರ ಗೊತ್ತಾಗುತ್ತದೆ. ಗೈಡೆಡ್ ವೇವ್‌ಗೆ ಪೈಪಿನ ಗೋಡೆಯೇ ದಾರಿ. ಪೈಪಿಗೆ ಬಳೆಯಂತೆ ಪ್ರೋಬ್‌ಗಳನ್ನು ತೊಡಿಸಿದರೆ ಎರಡೂ ಕಡೆ ಹತ್ತಾರು ಮೀಟರ್ ನೋಡಬಹುದು.

ಇದರ ಗಣಿತ ಹಳೆಯದು. ಗಟ್ಟಿ ಸರಳಿಗೆ ಪೋಖಾಮರ್ 1876ರಲ್ಲೇ ಸಮೀಕರಣ ಬರೆದಿದ್ದರು. ಟೊಳ್ಳು ಸಿಲಿಂಡರ್‌ಗೆ ಪೂರ್ತಿ ಪರಿಹಾರ ಕೊಟ್ಟಿದ್ದು ಗಾಜಿಸ್, 1959ರಲ್ಲಿ. ಮೋಡ್‌ಗಳು ಅಂದರೆ ಅಲೆ ಓಡುವ ರೀತಿಗಳು, ಮೂರು ಬಗೆ: ಎಲ್ ಅಂದರೆ ಉದ್ದಕ್ಕೆ ಹಿಗ್ಗಿ ಕುಗ್ಗುವುದು, ಟಿ ಅಂದರೆ ತಿರುಚುವುದು, ಎಫ್ ಅಂದರೆ ಬಾಗುವುದು. ಮೋಡ್ ಹೆಸರನ್ನು ಟಿ(0,1) ಅಂತ ಬರೆಯುತ್ತಾರೆ. ಆವರಣದೊಳಗಿನ ಮೊದಲ ಅಂಕಿ, ಸುತ್ತಳತೆಯಲ್ಲಿ ಎಷ್ಟು ಅಲೆ ಕೂರುತ್ತವೆ ಅಂತ ಹೇಳುತ್ತದೆ. ಎರಡನೆಯದು ಬರೀ ಸರಣಿ ಸಂಖ್ಯೆ.

ಕಲಿಯುವವರು ಟಿ(0,1)ರಿಂದ ಶುರು ಮಾಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇದರಲ್ಲಿ ಪೈಪಿನ ಅಡ್ಡಕೊಯ್ತ ಇಡಿಯಾಗಿ ತಿರುಗುತ್ತದೆ. ಚಲನೆ ತ್ರಿಜ್ಯಕ್ಕೆ ಅನುಪಾತದಲ್ಲಿ ಇರುತ್ತದೆ, ಅಷ್ಟೇ. ಡಿಸ್ಪರ್ಷನ್ (ಆವರ್ತನಕ್ಕೆ ತಕ್ಕಂತೆ ವೇಗ ಬದಲಾಗುವುದು) ಇಲ್ಲವೇ ಇಲ್ಲ, ಪಲ್ಸ್ ಎಷ್ಟು ದೂರ ಹೋದರೂ ಆಕಾರ ಕೆಡುವುದಿಲ್ಲ. ವೇಗ ಶಿಯರ್ ಅಲೆಯದ್ದೇ, ಅಂದರೆ ಓಡುವ ದಿಕ್ಕಿಗೆ ಅಡ್ಡಲಾಗಿ ಅಲುಗಾಡುವ ಅಲೆಯದ್ದು. ಯಂಗ್ಸ್ ಮಾಡ್ಯುಲಸ್ 210 ಗಿಗಾಪಾಸ್ಕಲ್, ಪಾಯ್ಸನ್ ಅನುಪಾತ 0.3, ಸಾಂದ್ರತೆ ಘನ ಮೀಟರಿಗೆ 7850 ಕೆ.ಜಿ. ಹಾಕಿದರೆ ಸೆಕೆಂಡಿಗೆ ಸುಮಾರು 3208 ಮೀಟರ್ ಬರುತ್ತದೆ. ಮುಂದಿನ ಟಿ(0,2) ಹುಟ್ಟಬೇಕಾದರೆ ಗೋಡೆಯ ದಪ್ಪದಲ್ಲಿ ಅರ್ಧ ಅಲೆ ಹಿಡಿಸಬೇಕು. ನಮ್ಮ ಪೈಪಿಗೆ ಅದು ಸುಮಾರು 200 ಕಿಲೋಹರ್ಟ್ಸ್. ಅಂದರೆ 50 ಕಿಲೋಹರ್ಟ್ಸ್‌ನಲ್ಲಿ ಟಿ ಬಗೆಯಲ್ಲಿ ಇದೊಂದೇ ಓಡುತ್ತದೆ.

ಈಗ ಮೆಶ್. 50 ಕಿಲೋಹರ್ಟ್ಸ್‌ಗೆ ತರಂಗಾಂತರ 64 ಮಿ.ಮೀ. ಒಂದು ತರಂಗಾಂತರಕ್ಕೆ 10 ಎಲಿಮೆಂಟ್ ಅಂದರೆ 6 ಮಿ.ಮೀ. ಸಾಕು. ಆದರೆ ಕೆಲವು ಎಫ್ ಮೋಡ್‌ಗಳ ತರಂಗಾಂತರ ಇನ್ನೂ ಚಿಕ್ಕದು, 4 ಮಿ.ಮೀ. ಇಟ್ಟರೆ ನೆಮ್ಮದಿ. ದಪ್ಪದಲ್ಲಿ 4 ಪದರ, ಅಂದರೆ 2 ಮಿ.ಮೀ.ಗೊಂದು. ಸಮಯದ ಹೆಜ್ಜೆ ಆರಿಸುವಾಗ ಹುಷಾರು. ನಾವು ಕಳಿಸುವುದು ಶಿಯರ್ ಅಲೆಯಾದರೂ ಮಾಡೆಲ್‌ನಲ್ಲಿ ಅತಿ ವೇಗವಾಗಿ ಓಡುವುದು ಲಾಂಗಿಟ್ಯೂಡಿನಲ್ ಅಲೆ (ಓಡುವ ದಿಕ್ಕಿನಲ್ಲೇ ಅಲುಗಾಡುವುದು), ಸೆಕೆಂಡಿಗೆ ಸುಮಾರು 6000 ಮೀಟರ್. ಅದು 2 ಮಿ.ಮೀ. ದಾಟಲು 0.33 ಮೈಕ್ರೋಸೆಕೆಂಡ್ ಬೇಕು. ಹೆಜ್ಜೆ ಇದಕ್ಕಿಂತ ಚಿಕ್ಕದಿರಲಿ, ಇಲ್ಲದಿದ್ದರೆ ಎಕ್ಸ್‌ಪ್ಲಿಸಿಟ್ ಲೆಕ್ಕ (ಹಿಂದಿನ ಹೆಜ್ಜೆಯಿಂದ ಮುಂದಿನದನ್ನು ನೇರವಾಗಿ ಪಡೆಯುವ ವಿಧಾನ) ಸ್ಫೋಟಗೊಳ್ಳುತ್ತದೆ, ಅಂದರೆ ಅಂಕಿಗಳು ಹಿಡಿತವಿಲ್ಲದೆ ಬೆಳೆಯುತ್ತವೆ.

ಪೈಪಿನ ಒಂದು ತುದಿಯ ಎಲ್ಲ ನೋಡ್‌ಗಳಿಗೂ (ಎಲಿಮೆಂಟ್ ಮೂಲೆಯ ಬಿಂದುಗಳಿಗೂ) ಸುತ್ತುವ ದಿಕ್ಕಿನಲ್ಲಿ, ತ್ರಿಜ್ಯಕ್ಕೆ ತಕ್ಕಷ್ಟು ಚಲನೆ ಕೊಡಿ. ಸಿಗ್ನಲ್‌ಗೆ ಹ್ಯಾನ್ ವಿಂಡೋ ಹಾಕಿದ (ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ) 5 ಸೈಕಲ್ ಸಾಕು. ಮೊದಲ ಸಲ ದೋಷ ಹಾಕದೆ ಓಡಿಸಿ. ಇನ್ನೊಂದು ತುದಿಯ ಪ್ರತಿಧ್ವನಿ 6 ಮೀಟರ್ ಓಡಿ 1870 ಮೈಕ್ರೋಸೆಕೆಂಡ್‌ಗೆ ಬರಬೇಕು. ಬರಲಿಲ್ಲ ಅಂದರೆ ದೋಷದ ಮಾತೇ ಬೇಡ, ಮೊದಲು ಮಾಡೆಲ್ ಸರಿ ಮಾಡಿ.

ಆಮೇಲೆ ಒಂದು ಪಕ್ಕದಲ್ಲಿ ಗುಂಡಿ ತೋಡಿ. ಸ್ವಾರಸ್ಯ ಇರುವುದೇ ಇಲ್ಲಿ. ಟಿ(0,1) ಸುತ್ತಲೂ ಸಮ. ಗುಂಡಿ ಒಂದೇ ಕಡೆ. ಹಾಗಾಗಿ ವಾಪಸ್ ಬರುವಾಗ ಟಿ(0,1) ಜೊತೆ ಎಫ್(1,2) ಕೂಡ ಬರುತ್ತದೆ. ಸುತ್ತಲೂ ಒಂದೇ ತರ ಇರುವ ಬೆಸುಗೆಯಿಂದ ಎಫ್(1,2) ಬರುವುದಿಲ್ಲ. ಬೆಸುಗೆಯೋ ತುಕ್ಕೋ ಅಂತ ಗುರುತಿಸುವುದು ಹೀಗೆಯೇ. ಆದರೆ ಎರಡರ ವೇಗವೂ ಹತ್ತಿರ ಹತ್ತಿರ, ಪಲ್ಸ್‌ಗಳು ಒಂದರ ಮೇಲೊಂದು ಬೀಳುತ್ತವೆ. ಬೇರ್ಪಡಿಸುವುದು ಸುಲಭ: ಸುತ್ತಲಿನ ನೋಡ್‌ಗಳ ಚಲನೆಯನ್ನು ಸುಮ್ನೆ ಕೂಡಿದರೆ ಟಿ(0,1) ಸಿಗುತ್ತದೆ. ಕೋನದ ಸೈನ್, ಕೊಸೈನ್‌ನಿಂದ ಗುಣಿಸಿ ಕೂಡಿದರೆ ಎಫ್(1,2).

ಪೈಪಿನೊಳಗೆ ನೀರಿದ್ದರೆ ಟಿ(0,1)ಗೆ ಹೆಚ್ಚೇನೂ ತೊಂದರೆ ಇಲ್ಲ, ನೀರು ಶಿಯರ್ ಹೊರುವುದಿಲ್ಲ ಅಲ್ವಾ. ಎಲ್(0,2) ವೇಗವಾಗಿ ಓಡಿದರೂ ಈ ಅನುಕೂಲ ಅದಕ್ಕಿಲ್ಲ. ಹೊರಗೆ ಬಿಟುಮೆನ್ ಲೇಪನ ಇದ್ದರೆ ಕಥೆಯೇ ಬೇರೆ. ಅದು ಅಲೆಯನ್ನು ಚೆನ್ನಾಗಿ ಹೀರಿಬಿಡುತ್ತದೆ. ಡ್ಯಾಂಪಿಂಗ್ ಸೇರಿಸದೆ ಅಂಥ ಪೈಪಿಗೆ ಎಷ್ಟು ದೂರ ಕಾಣುತ್ತದೆ ಅಂತ ಈ ಮಾಡೆಲ್‌ನಿಂದ ಹೇಳಲಾಗದು.