ಬೆಂಗಳೂರಲ್ಲಿ ಯಾರ ಪರಿಚಯವೂ ಇಲ್ಲ, ಲಿಂಕ್ಡ್‌ಇನ್‌ನಿಂದ ನನಗೇನು ಉಪಯೋಗ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ನಮ್ಮದು ಜಗಳೂರು ಕಡೆ, ಅಪ್ಪ ಮೆಕ್ಕೆಜೋಳ ಬೆಳೆಯುತ್ತಾರೆ. ಬೆಂಗಳೂರಲ್ಲಿ ನಮ್ಮವರು ಅಂತ ಯಾರೂ ಇಲ್ಲ. ಎಲ್ಲರೂ ಲಿಂಕ್ಡ್‌ಇನ್ ಮಾಡ್ಕೋ, ಅದು ಉದ್ಯೋಗದ ಪರಿಚಯಗಳಿಗೇ ಇರುವ ಜಾಲತಾಣ ಅಂತಾರೆ. ಖಾತೆ ತೆರೆದು ನೋಡಿದರೆ ಬರೀ ಸರ್ಟಿಫಿಕೇಟ್ ಫೋಟೋಗಳು. ಇದರಿಂದ ನಿಜವಾಗಿ ಕೆಲಸ ಸಿಗುತ್ತಾ?

ಉತ್ತರ: ಖಾತೆ ತೆರೆದು ಸುಮ್ನೆ ಕೂತರೆ ಸಿಗುವುದಿಲ್ಲ. ಆದರೆ ನಿಮ್ಮಂತೆ ಪರಿಚಯದವರಿಲ್ಲದ ಮಕ್ಕಳಿಗೇ ಇದು ಜಾಸ್ತಿ ಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಬೆಂಗಳೂರಲ್ಲಿ ಸೋದರಮಾವ ಮ್ಯಾನೇಜರ್ ಆಗಿರುವ ಹುಡುಗನಿಗೆ ಯಾವ ಕಂಪನಿ ಯಾವಾಗ ಜನರನ್ನು ತೆಗೆದುಕೊಳ್ಳುತ್ತದೆ, ಯಾವ ಕೋರ್ಸಿಗೆ ದುಡ್ಡು ಹಾಕಿದರೆ ದಂಡ ಅನ್ನೋದು ಮನೆಯಲ್ಲಿ ಊಟಕ್ಕೆ ಕೂತಾಗಲೇ ಕಿವಿಗೆ ಬೀಳುತ್ತದೆ. ನಿಮಗೆ ಅದನ್ನು ಹೇಳುವವರಿಲ್ಲ. ಹಾಗಾಗಿ ನೀವೇ ಹುಡುಕಿಕೊಂಡು ಹೋಗಬೇಕು.

ಲಿಂಕ್ಡ್‌ಇನ್ ಶುರುವಾಗಿದ್ದೂ ಪರಿಚಯಗಳ ಲೆಕ್ಕದಲ್ಲೇ. ರೀಡ್ ಹಾಫ್‌ಮನ್ ಅನ್ನುವವರು ಆನ್‌ಲೈನ್‌ನಲ್ಲಿ ಹಣ ಕಳಿಸುವ ಪೇಪಾಲ್ ಕಂಪನಿಯಲ್ಲಿದ್ದರು. 2002ರಲ್ಲಿ ಪೇಪಾಲನ್ನು ಆನ್‌ಲೈನ್ ಮಾರಾಟದ ಇಬೇ ಕಂಪನಿ ಕೊಂಡುಕೊಂಡಿತು. ಅದೇ ವರ್ಷದ ಕೊನೆಗೆ ಹಾಫ್‌ಮನ್ ಹಳೆಯ ಸಹೋದ್ಯೋಗಿಗಳನ್ನು ಸೇರಿಸಿಕೊಂಡು ಕ್ಯಾಲಿಫೋರ್ನಿಯಾದ ತಮ್ಮ ಮನೆಯ ಹಾಲ್‌ನಲ್ಲೇ ಇದನ್ನು ಕಟ್ಟಲು ಕೂತರು. 2003ರ ಮೇ 5ರಂದು ಶುರುವಾಯಿತು. ಮೊದಲ ತಿಂಗಳು ಮುಗಿದಾಗ ಇದ್ದ ಸದಸ್ಯರು 4,500. ಫೇಸ್‌ಬುಕ್ ಆಗ ಹುಟ್ಟಿಯೇ ಇರಲಿಲ್ಲ. 2011ರಲ್ಲಿ ಷೇರು ಮಾರುಕಟ್ಟೆಗೆ ಬಂತು. 2016ರಲ್ಲಿ ಮೈಕ್ರೋಸಾಫ್ಟ್ 26.2 ಬಿಲಿಯನ್ ಡಾಲರ್ ಕೊಟ್ಟು ಕೊಂಡಿತು. 2023ರಲ್ಲಿ ಸದಸ್ಯರ ಸಂಖ್ಯೆ ನೂರು ಕೋಟಿ ದಾಟಿತು, ಅಮೆರಿಕ ಬಿಟ್ಟರೆ ಜಾಸ್ತಿ ಜನ ಇರೋದು ನಮ್ಮ ದೇಶದಲ್ಲೇ. ಇಷ್ಟು ಚರಿತ್ರೆ ಸಾಕು.

ಇನ್ನು ಮುಖ್ಯವಾದ ವಿಷಯ. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು 1973ರಲ್ಲೇ ಒಂದು ಮಾತು ಹೇಳಿದ್ದರು. ಹೊಸ ಸುದ್ದಿ ಬರೋದು ಹತ್ತಿರದವರಿಂದ ಕಡಿಮೆ, ಅಷ್ಟಕ್ಕಷ್ಟೇ ಪರಿಚಯ ಇರುವವರಿಂದ ಜಾಸ್ತಿ ಅಂತ. ಯೋಚಿಸಿದರೆ ಸರಿ ಅನಿಸುತ್ತದೆ, ಅಲ್ವಾ? ನಿಮ್ಮ ರೂಮ್‌ಮೇಟ್‌ಗೆ ಗೊತ್ತಿರೋದು ನಿಮಗೂ ಗೊತ್ತಿರುತ್ತದೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದನ್ನು ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಸದಸ್ಯರ ಮೇಲೆ ಐದು ವರ್ಷ ಪರೀಕ್ಷೆ ಮಾಡಿ ನೋಡಿತು. ತುಂಬಾ ಆಪ್ತರಿಗಿಂತ ಸ್ವಲ್ಪ ಪರಿಚಯ ಇರುವವರ ಮೂಲಕವೇ ಹೊಸ ಕೆಲಸ ಸಿಗುವುದು ಜಾಸ್ತಿ ಅಂತ ಕಂಡುಬಂತು. ಆದರೆ ಪೂರ್ತಿ ಅಪರಿಚಿತರಾದರೆ ಆ ಲಾಭ ಇಳಿಯುತ್ತದೆ. ನಡುವೆ ಯಾರೋ ಕೆಲವರು ಇಬ್ಬರಿಗೂ ಗೊತ್ತಿದ್ದರೆ ಒಳ್ಳೆಯದು.

ಹಾಗಾದರೆ ನಿಮಗೆ ಆ ‘ಸ್ವಲ್ಪ ಪರಿಚಯ’ದವರು ಯಾರು? ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳು! ದಾವಣಗೆರೆಯಲ್ಲಿ ಓದಿದ ಇಂಜಿನಿಯರ್‌ಗಳು ಇಲ್ಲದ ಊರಿಲ್ಲ. ಯುಬಿಡಿಟಿ ಇರಲಿ, ಬಿಐಇಟಿ ಇರಲಿ, ಜಿಎಂಐಟಿ ಇರಲಿ, ಚಿತ್ರದುರ್ಗದವರಾದರೆ ಎಸ್‌ಜೆಎಂಐಟಿ ಇರಲಿ, ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಹೆಸರು ಹುಡುಕಿ ಅದರ ಪುಟಕ್ಕೆ ಹೋಗಿ. ಅಲ್ಲಿ ‘ಅಲಮ್ನಿ’ ಅಂತ ಒಂದು ಭಾಗ ಇರುತ್ತದೆ. ಎಷ್ಟೋ ಜನ ಅದನ್ನು ಒತ್ತಿಯೇ ನೋಡುವುದಿಲ್ಲ, ನನಗೆ ಅದೇ ಬೇಜಾರು. ಹಳೆಯ ವಿದ್ಯಾರ್ಥಿಗಳು ಈಗ ಯಾವ ಊರಲ್ಲಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಏನು ಓದಿದ್ದರು ಅಂತ ಅಲ್ಲೇ ಸೋಸಬಹುದು. ಮೆಕ್ಯಾನಿಕಲ್, ಬೆಂಗಳೂರು ಅಂತ ಆರಿಸಿ. ನಿಮ್ಮದೇ ಕ್ಲಾಸ್‌ರೂಮಲ್ಲಿ ಕೂತು ಓದಿದವರು ಮೊದಲ ಕೆಲಸ ಎಲ್ಲಿ ಹಿಡಿದರು, ಎಷ್ಟು ವರ್ಷಕ್ಕೆ ಬಿಟ್ಟರು, ಡಿಸೈನ್ ಕಡೆ ಹೋದವರು ಏನೇನು ಕಲಿತರು, ಎಲ್ಲ ಅವರ ಪ್ರೊಫೈಲಲ್ಲೇ ಇರುತ್ತದೆ. ಯಾರಿಗೂ ಮೆಸೇಜ್ ಮಾಡದೆ ಒಂದು ಸಂಜೆ ಇದನ್ನೇ ಓದಿದರೂ ಮುಂದಿನ ದಾರಿ ಎಷ್ಟೋ ತಿಳಿಯಾಗುತ್ತದೆ.

ಆಮೇಲೆ ಬರೆಯಿರಿ. ಕೆಲಸ ಕೊಡಿಸಿ ಅಂತ ಮೊದಲ ಸಲಕ್ಕೇ ಕೇಳಬೇಡಿ, ಪಾಪ ಅವರ ಕೈಯಲ್ಲೂ ಇರುವುದಿಲ್ಲ. ಉತ್ತರ ಕೊಡಲು ಎರಡು ನಿಮಿಷ ಸಾಕಾಗುವ ಒಂದು ಪ್ರಶ್ನೆ ಕೇಳಿ. “ನಮಸ್ಕಾರ ಸರ್, ನಾನೂ ನಮ್ಮ ಕಾಲೇಜೇ, ಮೆಕ್ಯಾನಿಕಲ್ ಮೂರನೇ ವರ್ಷ. ಡಿಸೈನ್ ಕಡೆ ಬರಬೇಕಾದರೆ ಈಗ ಯಾವ ಸಾಫ್ಟ್‌ವೇರ್ ಕಲಿಯಲಿ ಅಂತ ತಿಳಿಸ್ತೀರಾ?” ಇಷ್ಟೇ. ಅವರು ನಮ್ಮ ಕಡೆಯವರು ಅಂತ ಗೊತ್ತಿದ್ದರೆ ಕನ್ನಡದಲ್ಲೇ ಬರೆಯಿರಿ, ಊರಿನ ಮಾತು ಕಂಡರೆ ಮನಸ್ಸು ಕರಗುತ್ತದೆ. ದುಡ್ಡು ಕಟ್ಟದ ಖಾತೆಯಲ್ಲಿ ‘ಕನೆಕ್ಟ್’ ಕೋರಿಕೆಯ ಜೊತೆ ಇಂಥ ಟಿಪ್ಪಣಿ ತಿಂಗಳಿಗೆ ಕೆಲವರಿಗೆ ಮಾತ್ರ ಕಳಿಸಬಹುದು, ಅದಕ್ಕೇ ಯಾರಿಗೆ ಅಂತ ನೋಡಿ ಆರಿಸಿ. ಪ್ರೀಮಿಯಂಗೆ ದುಡ್ಡು ಕಟ್ಟುವುದು ಓದುವಾಗ ಖಂಡಿತ ಬೇಡ.

ಬರೆಯುವ ಮೊದಲು ನಿಮ್ಮ ಪ್ರೊಫೈಲ್ ನೋಡಿಕೊಳ್ಳಿ, ಅವರು ಮೊದಲು ನೋಡೋದು ಅದನ್ನೇ. ಹೆಸರಿನ ಕೆಳಗೆ ಬರೀ ‘ಸ್ಟೂಡೆಂಟ್’ ಅಂತ ಬಿಡಬೇಡಿ. ರಜೆಯಲ್ಲಿ ಹರಿಹರದ ಯಾವುದೋ ವರ್ಕ್‌ಶಾಪಲ್ಲಿ ಲೇತ್ ಮೇಲೆ ಕೆಲಸ ಮಾಡಿದ್ದರೆ ಅದನ್ನು ಹಾಕಿ. ಮನೆಯ ಹೊಲಕ್ಕೆ ಜೋಳ ಬಿಡಿಸುವ ಮಷಿನ್ ರಿಪೇರಿ ಮಾಡಿದ್ದರೆ ಫೋಟೋ ಸಮೇತ ಹಾಕಿ. ಆನ್‌ಲೈನ್ ಸರ್ಟಿಫಿಕೇಟ್‌ಗಳ ರಾಶಿಗಿಂತ ಇದಕ್ಕೆ ಬೆಲೆ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ.

ಎಲ್ಲ ಕೆಲಸಕ್ಕೂ ಇದೇ ದಾರಿ ಅಂತಲ್ಲ. ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನೆಯ ಸರ್ಕಾರಿ ಸಂಸ್ಥೆ ಡಿಆರ್‌ಡಿಒ ಇದೆ, ಐಐಎಸ್‌ಸಿಯ ಇನ್ನೊಂದು ಕ್ಯಾಂಪಸ್ ಇದೆ. ಅಂಥ ಕಡೆ ಸೇರಬೇಕಾದರೆ ಅವರ ಅಧಿಕೃತ ಪ್ರಕಟಣೆಗಳನ್ನೇ ಕಾಯಬೇಕು. ಲಿಂಕ್ಡ್‌ಇನ್‌ನಲ್ಲಿ ಯಾರಾದರೂ ಸರ್ಕಾರಿ ಕೆಲಸ ಮಾಡಿಸಿಕೊಡ್ತೀನಿ, ರಿಜಿಸ್ಟ್ರೇಷನ್‌ಗೆ ಇಷ್ಟು ಹಾಕಿ, ಲ್ಯಾಪ್‌ಟಾಪ್‌ಗೆ ಡೆಪಾಸಿಟ್ ಕಟ್ಟಿ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಪ್ರೊಫೈಲ್ ಎಷ್ಟೇ ಚೆನ್ನಾಗಿ ಕಂಡರೂ ಸರಿ. ಈಗಾಗಲೇ ಹಣ ಹೋಗಿದ್ದರೆ ಮನೆಯಲ್ಲಿ ಹೇಳಲು ಹೆದರಿ ದಿನ ಕಳೆಯಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ, ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ.