ಶನಿವಾರ ಮಾತ್ರ ಕುಡಿದರೂ 9 ಅಂಕ ಯಾಕೆ ಬಂತು?

ಪ್ರಶ್ನೆ: ಊರು ಧಾರವಾಡ, ಪುಣೆಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ಕಾಲೇಜಿನ ಕೌನ್ಸೆಲರ್ ಕುಡಿತದ ಬಗ್ಗೆ ಹತ್ತು ಪ್ರಶ್ನೆಗಳ ಫಾರ್ಮ್ ತುಂಬಿಸಿಕೊಂಡರು. ನಾನು ಕುಡಿಯುವುದು ಶನಿವಾರ ಮಾತ್ರ. ಒಂದು ಸ್ಟ್ರಾಂಗ್ ಬಿಯರ್, ಮೇಲೊಂದು ನೈಂಟಿ (90 ಎಂಎಲ್) ವಿಸ್ಕಿ. ಆದರೂ 9 ಅಂಕ ಬಂದಿದೆ, ಬಂದು ಭೇಟಿಯಾಗು ಅಂದಿದ್ದಾರೆ. ನಾನೇನು ಕುಡುಕನಾ?

ಅಲ್ಲ. ಆದರೆ 9 ಸುಮ್ನೆ ಬಂದದ್ದೂ ಅಲ್ಲ.

ನೀವು ತುಂಬಿದ್ದು ಬಹುಶಃ ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಫಾರ್ಮ್. ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಜಾಸ್ತಿ ಬಂದವರನ್ನು ಕರೆದು ಮಾತಾಡಿಸುತ್ತಾರೆ, ಅಷ್ಟೇ. ಚಟ ಅಂಟಿದೆಯೇನೋ ಎಂದು ವೈದ್ಯರ ಬಳಿ ಕಳಿಸುವುದು 20 ಅಥವಾ ಅದಕ್ಕಿಂತ ಜಾಸ್ತಿ ಬಂದರೆ.

ಈಗ ನಿಮ್ಮ ಶನಿವಾರದ ಲೆಕ್ಕ ಹಾಕೋಣ. ಫಾರ್ಮ್ ಪ್ರಕಾರ ಒಂದು ಡ್ರಿಂಕ್ ಅಂದರೆ 10 ಗ್ರಾಂ ಆಲ್ಕೋಹಾಲ್. 30 ಎಂಎಲ್ ವಿಸ್ಕಿಯಲ್ಲಿ ಇರುವುದು ಹೆಚ್ಚುಕಡಿಮೆ ಅಷ್ಟೇ. ಶೇ. 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ ಸುಮಾರು 41 ಗ್ರಾಂ. ‘ಬರೀ ಒಂದು ಬಿಯರ್’ ಅನ್ನುವುದು ನಾಲ್ಕು ಡ್ರಿಂಕ್! ನೈಂಟಿ ಸೇರಿದರೆ ಏಳು. ತಿಂಗಳಿಗೆ ನಾಲ್ಕು ಸಲ ಕುಡಿಯುವುದಕ್ಕೆ 2 ಅಂಕ, ಒಮ್ಮೆಗೆ ಏಳು ಡ್ರಿಂಕ್‌ಗೆ 3, ಪ್ರತಿ ವಾರ ಒಮ್ಮೆಗೇ ಆರು ಅಥವಾ ಹೆಚ್ಚು ಕುಡಿಯುವುದಕ್ಕೆ ಮತ್ತೆ 3. ಮೂರೇ ಪ್ರಶ್ನೆಗೆ 8 ಆಯಿತು. ಉಳಿದ ಒಂದು ಎಲ್ಲಿಂದ ಬಂತು ಅಂತ ನಿಮಗೇ ಗೊತ್ತು. ಸಬ್‌ಮಿಷನ್ ತಪ್ಪಿತ್ತೋ, ರಾತ್ರಿ ನಡೆದದ್ದು ನೆನಪಿಲ್ಲವೋ.

ವಾರವಿಡೀ ಮುಟ್ಟದಿದ್ದರೂ ಶನಿವಾರ ರಾತ್ರಿ ಬೈಕ್ ಹತ್ತಿ ಸಿಂಹಗಡ ಕೋಟೆಯ ಕಡೆ ಹೊರಟರೆ ಅಪಾಯ ಅಪಾಯವೇ. ‘ಕೇಜ್’ ಎಂಬ ನಾಲ್ಕು ಪ್ರಶ್ನೆಗಳ ಹಳೆಯ ಪರೀಕ್ಷೆಯೂ ಇದೆ. ಬೆಳಗ್ಗೆ ಎದ್ದ ಕೂಡಲೇ ಕುಡಿಯುತ್ತೀರಾ ಅಂತ ಅದರಲ್ಲಿ ಕೇಳುತ್ತಾರೆ. ಹಾಸ್ಟೆಲ್ ಹುಡುಗರು ಬೆಳಗ್ಗೆ ಏಳುವುದೇ ಕಷ್ಟ. ಹಾಗಾಗಿ ಇಂಥ ಶನಿವಾರದ ಕುಡಿತ ಅದರಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ.

ಕೌನ್ಸೆಲರ್ ಬಳಿ ಹೋಗಿ. ನಿಮ್ಮ ಮಟ್ಟಕ್ಕೆ ಬೇಕಾದ್ದು ಒಂದಿಷ್ಟು ಮಾತುಕತೆ, ಆಸ್ಪತ್ರೆಯಲ್ಲ. ನೈಂಟಿ ಒಂದನ್ನೇ ಬಿಟ್ಟರೂ ಆ ಮೂರು ಪ್ರಶ್ನೆಗಳ 8 ಅಂಕ 3ಕ್ಕೆ ಇಳಿಯುತ್ತದೆ, ಬೇಕಾದರೆ ಕೂಡಿಸಿ ನೋಡಿ. (ಹಾಗಂತ ನಾಲ್ಕು ಡ್ರಿಂಕ್ ಹಾಕಿ ಗಾಡಿ ಓಡಿಸಬಹುದು ಅಂತಲ್ಲ.) ಮಾತಿನಿಂದ ಏನಾಗುತ್ತೆ ಅನ್ನಬೇಡಿ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ, ಇದೇ ಫಾರ್ಮ್‌ನಲ್ಲಿ 12ರಿಂದ 19 ಅಂಕ ಬಂದ ಗಂಡಸರ ಜೊತೆ ‘ಸಂಗಾತ್’ ಸಂಸ್ಥೆಯ ಕೌನ್ಸೆಲರ್‌ಗಳು ಕೆಲವೇ ಸಲ ಕೂತು ಮಾತಾಡಿದ್ದರು. ಅವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಈ ಮಾತುಕತೆ ಸಿಗದವರಿಗೆ ಹೋಲಿಸಿದರೆ, ಕುಡಿತ ಹತೋಟಿಗೆ ಬಂದವರು ಆ ಗುಂಪಿನಲ್ಲೇ ಜಾಸ್ತಿ ಅಂತ 2017ರಲ್ಲಿ ವರದಿಯಾಯಿತು. ಆ ಗಂಡಸರು ವಿದ್ಯಾರ್ಥಿಗಳಲ್ಲ, ನಿಜ. ಆದರೆ ನಿಮಗಿಂತ ಜಾಸ್ತಿ ಅಂಕ ಬಂದವರು.

ಹೋಗುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: ಈ ಫಾರ್ಮ್ ಯಾರ ಕೈಗೆ ಹೋಗುತ್ತದೆ? ಮಹಾರಾಷ್ಟ್ರದ ಕಾನೂನಿನ ಪ್ರಕಾರ ವಿಸ್ಕಿ, ರಮ್‌ಗೆ 25 ವರ್ಷ ತುಂಬಿರಬೇಕು. ರೋಲ್ ನಂಬರ್ ಬರೆಸಿಕೊಂಡು ಪ್ರಿನ್ಸಿಪಾಲರ ಟೇಬಲ್‌ಗೆ ಕಳಿಸುವ ಕಾಲೇಜಾದರೆ ಪುಣೆಯ ಹುಡುಗರೆಲ್ಲ ಸೊನ್ನೆ ಬರೆದು ಕೊಡುತ್ತಾರೆ ಅಲ್ವಾ? ಆ ಫಾರ್ಮ್ ಕೌನ್ಸೆಲರ್ ಬಳಿಯೇ ಉಳಿಯಬೇಕು ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ರೂಮಿನಲ್ಲಿ ಯಾರಿಗಾದರೂ ಕುಡಿಯದ ದಿನ ಕೈ ನಡುಗುವುದು, ಬೆವರುವುದು ಇದ್ದರೆ ಅದು ಬೇರೆಯೇ ವಿಷಯ. ಅವರು ಒಮ್ಮೆಲೇ ನಿಲ್ಲಿಸಬಾರದು, ಫಿಟ್ಸ್ ಬರಬಹುದು. ಮೊದಲು ಡಾಕ್ಟರ್ ಬಳಿ ಕರೆದುಕೊಂಡು ಹೋಗಿ. ಪುಣೆಯಲ್ಲೇ 1986ರಿಂದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಇದೆ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ.